ಬಾನೆಟ್ ಕೆಳಗಿನ ಕಪ್ಪು ಪೆಟ್ಟಿಗೆ

ಬ್ಯಾಟರಾಯನಪುರದಿಂದ ಬಳ್ಳಾರಿ ರಸ್ತೆಗಿಳಿದು ಹೆಬ್ಬಾಳದ ಕಡೆ ತೆವಳುವ ಸಣ್ಣ ಕಾರಿನಲ್ಲಿ ಬಹಳ ದುಡಿದೂ ಯಾರ ಮೆಚ್ಚುಗೆಯನ್ನೂ ಪಡೆಯದ ವಸ್ತು ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿ ಕಂಡುಕೊಂಡ ತತ್ವವೇ ಇಂದಿಗೂ ಅದರ ಜೀವ. ಆರು ಕೋಶ, ತಲಾ ಸುಮಾರು 2.1 ವೋಲ್ಟ್.

ಇದನ್ನು ಬಲ್ಲ ಆಟೋ ಎಲೆಕ್ಟ್ರೀಷಿಯನ್ ಕೆಲಸ ನೋಡುವುದೇ ಚೆಂದ. ಹೊಸದನ್ನು ಮಾರುವ ಮೊದಲು ಆತ ಮೀಟರ್ ಹಿಡಿಯುತ್ತಾನೆ. ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರದಿದ್ದರೆ ದೋಷ ಹೆಚ್ಚಾಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಬದಲಿಸಲೇಬೇಕಾದರೆ ಕಂಪನಿ ಹೇಳಿದ ಆಂಪಿಯರ್-ಅವರ್, ಟರ್ಮಿನಲ್ ಇರುವ ಬದಿ, ಬ್ಯಾಟರಿ ಕೂರುವ ತಟ್ಟೆಯ ಅಳತೆ, ತಯಾರಾದ ತಿಂಗಳು ಎಲ್ಲವನ್ನೂ ನೋಡುತ್ತಾನೆ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಆಗ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೂ ಕಿಡಿ ಹಾರದು.

ನಮ್ಮ ಪಾಲಿನ ಆರೈಕೆ ಸರಳ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಿನಿಂದ ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಮುಚ್ಚಳ ತೆರೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರು ಬೇಡವೇ ಬೇಡ. ತರಕಾರಿ ಅಂಗಡಿಯವರೆಗಿನ ಗಿಡ್ಡ ಓಡಾಟದಲ್ಲಿ ಚಾರ್ಜ್ ತುಂಬದು. ವಾರಕ್ಕೊಮ್ಮೆ ಯಲಹಂಕ ದಾಟಿ ಓಡಿಸಬೇಕು.

ಹಳೆಯದನ್ನು ಅಂಗಡಿಗೇ ಮರಳಿಸಿದರೆ ಬೆಲೆಯಲ್ಲಿ ಕಡಿತ ಸಿಗುತ್ತದೆ, ಸೀಸ ಮತ್ತೆ ಕರಗಿ ಹೊಸ ಬ್ಯಾಟರಿಯಾಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ. ಇಷ್ಟು ಹಳೆಯ, ಇಷ್ಟು ಪ್ರಾಮಾಣಿಕ ತಂತ್ರಜ್ಞಾನಕ್ಕೆ ನಮ್ಮ ಗೌರವ ಸಲ್ಲಲೇಬೇಕು.