ನಿನೆವೆಯ ಮೇಲೆ ನಹೂಮನ ತೀರ್ಪು

ಬೈಬಲಿನ ಪ್ರವಾದಿ ನಹೂಮನ ಗ್ರಂಥ ಮೂರೇ ಅಧ್ಯಾಯ. ಗುರಿಯೂ ಒಂದೇ: ಇಂದಿನ ಮೋಸುಲ್‌ನ ಎದುರು, ತೈಗ್ರಿಸ್ ದಂಡೆಯಲ್ಲಿದ್ದ ಅಶ್ಶೂರ್ಯದ ರಾಜಧಾನಿ ನಿನೆವೆ. ಇದನ್ನು ಬರೀ ಸೇಡಿನ ಹಾಡೆಂದು ಬದಿಗಿಡುವವರು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಲಾಕೀಷ್‌ನ ಉಬ್ಬುಶಿಲ್ಪಗಳನ್ನು ಒಮ್ಮೆ ನೋಡಬೇಕು. ಕ್ರಿ.ಪೂ. 701ರಲ್ಲಿ ಯೆಹೂದ ರಾಜ್ಯದ ಆ ಕೋಟೆಪಟ್ಟಣವನ್ನು ಹಿಡಿದ ಅಶ್ಶೂರ್ಯದ ಅರಸ ಸನ್ಹೇರೀಬ, ಜನರನ್ನು ಶೂಲಕ್ಕೇರಿಸಿದ್ದನ್ನೂ ಚರ್ಮ ಸುಲಿದದ್ದನ್ನೂ ತನ್ನ ಅರಮನೆಯ ಗೋಡೆಗೆ ಅಲಂಕಾರವಾಗಿ ಕೆತ್ತಿಸಿಕೊಂಡ. ಹೀಗೆ ತುಳಿಸಿಕೊಂಡ ಜನ ಸಾವಧಾನದ ದನಿಯಲ್ಲಿ ನ್ಯಾಯ ಕೇಳಲಿ ಎನ್ನಲು ನಾವು ಯಾರು?

ಕವಿಯಾಗಿ ನಹೂಮ ಅಸಾಧಾರಣ. ಮೂರನೆಯ ಅಧ್ಯಾಯದಲ್ಲಿ ಚಾವಟಿ, ಗಾಲಿ, ಕುದುರೆ, ಹೆಣ ಒಂದರ ಬೆನ್ನಿಗೊಂದು ಬಂದು ಬೀಳುತ್ತವೆ. ಓದುಗನಿಗೆ ಉಸಿರಾಡಲು ಬಿಡುವಿಲ್ಲ. ಅಶ್ಶೂರ್ಯದ ಅರಸರು ತಮ್ಮನ್ನು ಸಿಂಹವೆಂದು ಕರೆದುಕೊಳ್ಳುತ್ತಿದ್ದರು. ಆ ಸಿಂಹದ ಗವಿ ಈಗೆಲ್ಲಿ ಎಂದು ಅವರ ಬಿರುದಿನಿಂದಲೇ ಅವರನ್ನು ಇರಿಯುತ್ತಾನೆ. ಕ್ರಿ.ಪೂ. 663ರಲ್ಲಿ ಅವರೇ ಸೂರೆಮಾಡಿದ ಈಜಿಪ್ಟಿನ ಥೀಬ್ಸ್ ನಗರವನ್ನು ನೆನಪಿಸಿ, ನೀನು ಅದಕ್ಕಿಂತ ಹೆಚ್ಚಿನವಳೇ ಎಂದು ನಿನೆವೆಯನ್ನು ಕೆಣಕುತ್ತಾನೆ. ಇಲ್ಲಿ ಇತಿಹಾಸವೇ ಸಾಕ್ಷಿ ನುಡಿಯುತ್ತದೆ.

ತಕರಾರು ಶುರುವಾಗುವುದೂ ಅಲ್ಲಿಯೇ. ಥೀಬ್ಸ್‌ನ ಬೀದಿಗಳಲ್ಲಿ ಅಪ್ಪಳಿಸಲ್ಪಟ್ಟ ಕೂಸುಗಳು ನಹೂಮನ ಕಣ್ಣಿಗೆ ಬೀಳುತ್ತವೆ, ನಿನೆವೆಯ ಕೂಸುಗಳು ಬೀಳುವುದಿಲ್ಲ. ನಗರವನ್ನು ವೇಶ್ಯೆಯಾಗಿಸಿ, ಅವಳ ಬಟ್ಟೆ ಎತ್ತಿ ಜಗತ್ತಿಗೆ ತೋರಿಸುವ ಶಿಕ್ಷೆಯನ್ನು ದೇವರ ಬಾಯಲ್ಲೇ ಹೇಳಿಸುತ್ತಾನೆ. ಕೋಟೆ ಬಿದ್ದ ದಿನ ಆ ಶಿಕ್ಷೆ ಉಂಡವರು ಅರಸರಲ್ಲ, ಹೆಂಗಸರು. ಈ ಭಾಗಕ್ಕೆ ರೂಪಕದ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ.

ಇನ್ನೊಬ್ಬ ಪ್ರವಾದಿ ಆಮೋಸನ ಗಟ್ಟಿತನ ನಹೂಮನಿಗಿಲ್ಲ. ದಮಸ್ಕ, ಗಾಜಾ, ತೂರ್, ಎದೋಮ್ ಎಂದು ನೆರೆಯ ರಾಷ್ಟ್ರಗಳ ಅಪರಾಧಗಳನ್ನು ಸಾಲಾಗಿ ಹೇಳುತ್ತ ಬಂದ ಆಮೋಸ ಕೊನೆಗೆ ಬೆರಳು ತಿರುಗಿಸುವುದು ಯೆಹೂದ, ಇಸ್ರಾಯೇಲುಗಳ ಕಡೆಗೇ. ಬಡವರನ್ನು ಮಾರಿದ ಸ್ವಜನರಿಗೂ ಅದೇ ಬೆಂಕಿ. ನಹೂಮನಲ್ಲಿ ಯೆಹೂದದ ಪಾಪದ ಬಗ್ಗೆ ಒಂದು ಮಾತೂ ಇಲ್ಲ. ಅದೇ ಬೈಬಲಿನ ಯೋನನ ಕಥೆಯಂತೂ ಇದೇ ನಿನೆವೆಯ ಎಡಬಲ ಅರಿಯದ 1,20,000 ಜನರನ್ನೂ ದನಕರುಗಳನ್ನೂ ದೇವರ ಕರುಣೆಯ ಲೆಕ್ಕಕ್ಕೆ ಸೇರಿಸುತ್ತದೆ. ಎರಡು ಗ್ರಂಥಗಳೂ ಮುಗಿಯುವುದು ಪ್ರಶ್ನೆಯಲ್ಲೇ, ಕೇಳುವ ದನಿ ಮಾತ್ರ ಬೇರೆ.

ಕ್ರಿ.ಪೂ. 612ರಲ್ಲಿ ಬಾಬಿಲೋನಿಯದವರೂ ಮೇದ್ಯರೂ ಸೇರಿ ನಿನೆವೆಯನ್ನು ಕೆಡವಿದರು. ಸುಮಾರು ಕಾಲು ಶತಮಾನದ ಮೇಲೆ ಅದೇ ಬಾಬಿಲೋನ್ ಯೆರೂಸಲೇಮನ್ನು ಸುಟ್ಟಿತು. ದುಷ್ಟನನ್ನು ದಂಡಿಸಲು ಇನ್ನೊಬ್ಬ ದುಷ್ಟನೇ ಬೇಕಿತ್ತೇ ಎಂದು ದೇವರನ್ನೇ ನಿಲ್ಲಿಸಿ ಕೇಳಿದವನು ಪ್ರವಾದಿ ಹಬಕ್ಕೂಕ. ನಹೂಮನಿಗೆ ಆ ಅನುಮಾನ ಸುಳಿದಂತಿಲ್ಲ.