ಬೀಜದ ವಿವಾದ ಮತ್ತು ಅನೇಕಾಂತ ದೃಷ್ಟಿ

ಚಾಮರಾಜನಗರದ ಹೊಂಡರಬಾಳಿನಲ್ಲಿ ದೇಸಿ ಬೀಜಗಳನ್ನು ಸಂರಕ್ಷಿಸುವ ‘ಅಮೃತಭೂಮಿ’ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಸಂಕಲ್ಪದ ಫಲ. ಬೀಜದ ಒಡೆತನ ರೈತನದೇ ಆಗಿರಬೇಕೆಂಬ ಅವರ ವಾದ ನ್ಯಾಯವಾದುದು. ಆದರೆ 1998ರಲ್ಲಿ ಅವರ ರೈತ ಸಂಘವು ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಬಿಟಿ ಹತ್ತಿಯನ್ನು ಸುಟ್ಟಾಗ, ಮರುಮೊಳಕೆಯಿಲ್ಲದ ‘ಟರ್ಮಿನೇಟರ್’ ಬೀಜದ ಭೀತಿಯೂ ಅದಕ್ಕೆ ಅಂಟಿಕೊಂಡಿತು. ಕಾಯಿಕೊರಕವನ್ನು ತಡೆಯುವ ಬಿಟಿಯೇ ಬೇರೆ, ಅದೇ ಬೇರೆ. ಅತ್ತ ‘ಪ್ರಗತಿ’ಯೆಂದು ಕೊಂಡಾಡಿದವರು, ಹುಳುವೂ ಕಾಲಕ್ರಮದಲ್ಲಿ ನಿರೋಧಶಕ್ತಿ ಪಡೆಯಬಲ್ಲದೆಂಬುದನ್ನು ಗಟ್ಟಿಯಾಗಿ ನುಡಿಯಲಿಲ್ಲ, ಗುಲಾಬಿ ಕಾಯಿಕೊರಕ ಅದನ್ನು ಸಾಧಿಸಿ ತೋರಿಸಿತು. ಬೀಜ ಒಂದೇ; ‘ದಾಸ್ಯ’ವೆಂದರೆ ಜನ ಕನಲುವರು, ‘ವಿಜ್ಞಾನ’ವೆಂದರೆ ಕೈಮುಗಿವರು. ಏಕಾಂತವಾದದ ದೋಷ ಇದೇ. ಗುಂಡ್ಲುಪೇಟೆಯ ಹತ್ತಿ ಬೆಳೆಗಾರನು ಪ್ರತಿ ಮಾತನ್ನೂ ಯಾವ ನಯದಿಂದ ಆಡಿದುದೆಂದು ವಿಚಾರಿಸಲಿ. ಕೂಗಿಗೆ ಓಲಾಡುವ ತಕ್ಕಡಿ ಸತ್ಯವನ್ನು ತೂಗದು.