ಸೆಕೆಗೆ ಸೋಲದ ಸುರಂಗ

ಎಪ್ರಿಲ್ ಮುಗಿಯುವ ಹೊತ್ತಿಗೆ ಬಂಟ್ವಾಳದಲ್ಲಿ ನೇತ್ರಾವತಿಯ ಬಂಡೆಗಳು ಮೈತೋರುತ್ತವೆ. ಕಡಲ ತೇವ ಬೆರೆತ ಸೆಕೆಗೆ ನೆರಳಲ್ಲಿ ಕೂತರೂ ಬೆವರು ಆರದು. ಅಡಿಕೆ ತೋಟಗಳು ನೀರಿಗೆ ಬಾಯಿಬಿಡುತ್ತವೆ.

ತಾಲೂಕಿನ ಗುಡ್ಡದೂರುಗಳು ಈ ಬೇಗೆಗೆ ಕಂಡುಕೊಂಡ ಸೊಗಸಾದ ಉತ್ತರ ಸುರಂಗ.

ಬಾವಿಯಂತೆ ಆಳಕ್ಕಿಳಿಯದೆ ಇದು ಗುಡ್ಡದೊಳಕ್ಕೆ ಅಡ್ಡಲಾಗಿ ಸಾಗುತ್ತದೆ. ಒಬ್ಬರು ನುಸುಳುವಷ್ಟೇ ಅಗಲ. ಮಳೆಗಾಲದಲ್ಲಿ ಮುರಕಲ್ಲು ಹೀರಿದ ನೀರು ಒಳಗೋಡೆಗಳಲ್ಲಿ ಜಿನುಗಿ, ಇಳಿಜಾರಿನಲ್ಲಿ ತಾನೇ ಹೊರಹರಿದು ತೊಟ್ಟಿ ತುಂಬುತ್ತದೆ. ಪಂಪೂ ಬೇಡ, ವಿದ್ಯುತ್ತೂ ಬೇಡ!

ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಗುಡ್ಡ ಕೊರೆದವರು. ಮೊದಲ ಹಲವು ಸುರಂಗಗಳಲ್ಲಿ ನೀರು ದಕ್ಕಲಿಲ್ಲ. ಅವರು ಪಟ್ಟು ಬಿಡಲಿಲ್ಲ. ಕೊನೆಗೆ ಒಸರಿದ ನೀರಿನಿಂದ ಬೋಳುಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಾಗ, ಹಾರೆ-ಪಿಕಾಸಿಯ ಈ ಕಸುಬಿಗೂ ದೇಶದ ಮನ್ನಣೆ ಸಿಕ್ಕಿತು.